ಸೀಸರ್ ಬಂತೋ, ಸೀಸರ್ ಬಂದನೋ?

ಡಾಲಸ್ ಕಡೆಯ ಫ್ರಿಸ್ಕೋ, ಪ್ಲೇನೋದಲ್ಲಿ ಇರುವವರಿಗೆ, ಹ್ಯೂಸ್ಟನ್ನಿನ ಕೇಟಿ, ಶುಗರ್‌ಲ್ಯಾಂಡ್‌ನವರಿಗೆ, ಆಸ್ಟಿನ್ನಿನ ರೌಂಡ್ ರಾಕ್, ಸೀಡರ್ ಪಾರ್ಕ್‌ನವರಿಗೆ, ಎಲ್ಲರಿಗೂ ಒಂದು ಮಾತು. ಇವತ್ತಿನ ಮಾತು ಮುಖ್ಯವಾಗಿ ಇಲ್ಲೇ ಹುಟ್ಟಿ ಬೆಳೆದ ನಿಮಗಾಗಿ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ, ಆದರೆ ಕೇಳಿದ್ದೆಲ್ಲ ಅರ್ಥವಾಗುವ ನಿಮಗಾಗಿ.

ವಿಷಯ ಒಂದು ಸಿನಿಮಾ. ‘ಡಾನ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’. 2014ರ ಜುಲೈನಲ್ಲಿ ಬಿಡುಗಡೆಯಾದ ಈ ಚಿತ್ರ ಜಗತ್ತಿನಾದ್ಯಂತ 70 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ನಿರ್ದೇಶಕ ಮ್ಯಾಟ್ ರೀವ್ಸ್. 2011ರ ‘ರೈಸ್ ಆಫ್ ದಿ ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದ ಮುಂದಿನ ಭಾಗ ಇದು. ಇದರ ನಂತರ 2017ರಲ್ಲಿ ‘ವಾರ್’, 2024ರಲ್ಲಿ ‘ಕಿಂಗ್‌ಡಮ್’ ಬಂದವು. ನಿಮ್ಮಲ್ಲಿ ಬಹಳ ಜನ ಒಂದನ್ನಾದರೂ ನೋಡಿರುತ್ತೀರಿ.

ಮೊದಲು ಒಂದು ಸಣ್ಣ ಪರೀಕ್ಷೆ. ಕಥಾನಾಯಕ ಸೀಸರ್ ಒಂದು ಚಿಂಪಾಂಜಿ. ಅವನು ಕುದುರೆ ಏರಿ ಬರುವ ದೃಶ್ಯವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಬೇಕು ಎಂದುಕೊಳ್ಳಿ. ‘ಸೀಸರ್ ಬಂತು’ ಎನ್ನುತ್ತೀರೋ, ‘ಸೀಸರ್ ಬಂದ’ ಎನ್ನುತ್ತೀರೋ?

ಇಂಗ್ಲಿಷಿನಲ್ಲಿ ಈ ತೊಂದರೆ ಇಲ್ಲ. ನಾಯಿ ಬಂದರೂ ಅಣ್ಣ ಬಂದರೂ ಅಲ್ಲಿ ಕ್ರಿಯಾಪದ ಒಂದೇ. ಕನ್ನಡದಲ್ಲಿ ಹಾಗಲ್ಲ. ಅಣ್ಣ ಬಂದ, ಅಕ್ಕ ಬಂದಳು, ನಾಯಿ ಬಂತು, ಬಸ್ಸು ಬಂತು. ಗಂಡಸರಿಗೆ ಒಂದು ರೂಪ, ಹೆಂಗಸರಿಗೆ ಒಂದು ರೂಪ, ಉಳಿದ ಪ್ರಾಣಿ, ಮರ, ಕಲ್ಲು, ವಸ್ತುಗಳಿಗೆಲ್ಲ ಮೂರನೆಯದು. ಬಹುವಚನದಲ್ಲೂ ಅಷ್ಟೆ. ಜನ ಬಹಳ ಇದ್ದರೆ ‘ಅವರು’, ಪ್ರಾಣಿ ಬಹಳ ಇದ್ದರೆ ‘ಅವು’. ಅಂದರೆ ಕನ್ನಡದಲ್ಲಿ ಬಾಯಿ ತೆರೆದು ಒಂದು ಪೂರ್ಣ ವಾಕ್ಯ ಹೇಳುವ ಮೊದಲೇ ನೀವು ಒಂದು ತೀರ್ಮಾನ ಮಾಡಬೇಕು: ಎದುರಿಗಿರುವುದು ‘ಅದು’ವೋ, ‘ಅವನು’ವೋ?

ಈ ಸಿನಿಮಾ ಸರಣಿ ಕೇಳುವ ಪ್ರಶ್ನೆಯೂ ಇದೇ. ನಮ್ಮ ವ್ಯಾಕರಣ ಅದನ್ನು ಸಾವಿರ ವರ್ಷದಿಂದ ದಿನಾ ಕೇಳುತ್ತಾ ಬಂದಿದೆ. ಆದ್ದರಿಂದ ಈ ಚಿತ್ರವನ್ನು ಅರ್ಥಮಾಡಿಕೊಳ್ಳಲು ನಿಮ್ಮ ಹತ್ತಿರ ಶಾಲೆಯ ಗೆಳೆಯರ ಹತ್ತಿರ ಇಲ್ಲದ ಒಂದು ಸಲಕರಣೆ ಇದೆ. ಅದನ್ನು ಬಳಸಿ ನೋಡೋಣ.

ಕಥೆ ನೆನಪಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೊದಲ ಭಾಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ವಿಜ್ಞಾನಿ ಅಪ್ಪನ ಮರೆವಿನ ಕಾಯಿಲೆಗೆ ಔಷಧಿ ಹುಡುಕುತ್ತಾನೆ. ಪ್ರಯೋಗ ನಡೆಯುವುದು ಚಿಂಪಾಂಜಿಗಳ ಮೇಲೆ. ಅಲ್ಲಿ ಹುಟ್ಟಿದ ಮರಿಯನ್ನು ಮನೆಗೆ ತಂದು ಮಗನಂತೆ ಸಾಕುತ್ತಾನೆ. ಅದೇ ಸೀಸರ್. ದೊಡ್ಡದಾದ ಮೇಲೆ ಅದನ್ನು ಪಂಜರಕ್ಕೆ ಹಾಕುತ್ತಾರೆ. ಹೊಡೆಯಲು ಬಂದ ಕಾವಲುಗಾರನ ಕೈ ಹಿಡಿದು ಸೀಸರ್ ಮೊದಲ ಮಾತು ಆಡುತ್ತಾನೆ. ಆ ಮಾತು ಇಂಗ್ಲಿಷಿನ ‘ನೋ’. ಕನ್ನಡದಲ್ಲಿ ಇದಕ್ಕೆ ಏನು ಹಾಕುತ್ತೀರಿ? ನಮ್ಮಲ್ಲಿ ‘ಇಲ್ಲ’ ಬೇರೆ, ‘ಅಲ್ಲ’ ಬೇರೆ, ‘ಬೇಡ’ ಬೇರೆ, ‘ಕೂಡದು’ ಬೇರೆ. ನನಗೆ ‘ಕೂಡದು’ ಸರಿ ಎನಿಸುತ್ತದೆ. ‘ಬೇಡ’ ಎನ್ನುವುದರಲ್ಲಿ ಕೇಳಿಕೆ ಇದೆ, ‘ಕೂಡದು’ ಎನ್ನುವುದರಲ್ಲಿ ಹಕ್ಕು ಇದೆ.

ಗಮನಿಸಿದಿರಾ? ಈ ಕಥೆ ಹೇಳುವಾಗ ನಾನೇ ‘ಅದನ್ನು ಪಂಜರಕ್ಕೆ ಹಾಕುತ್ತಾರೆ’ ಎಂದು ಶುರು ಮಾಡಿ, ಮಾತು ಬಂದ ಕೂಡಲೇ ‘ಆಡುತ್ತಾನೆ’ ಎಂದೆ. ಮಾತು ಬಂದರೆ ‘ಅವನು’. ನಮಗೆ ಗೊತ್ತಿಲ್ಲದೆಯೇ ನಾವು ಹಾಕಿಕೊಂಡಿರುವ ಅಳತೆಗೋಲು ಇದು.

ಎರಡನೆಯ ಭಾಗ, ಅಂದರೆ ‘ಡಾನ್’, ಹತ್ತು ವರ್ಷದ ನಂತರದ ಕಥೆ. ಆ ಔಷಧಿಗಾಗಿ ಲ್ಯಾಬಿನಲ್ಲಿ ತಯಾರಿಸಿದ ವೈರಸ್ ಹರಡಿ ಮನುಷ್ಯರಲ್ಲಿ ಬಹುಪಾಲು ಸತ್ತಿದ್ದಾರೆ. ವಾನರರು ಕಾಡಿನಲ್ಲಿ ಊರು ಕಟ್ಟಿಕೊಂಡಿದ್ದಾರೆ. ಉಳಿದ ಮನುಷ್ಯರಿಗೆ ವಿದ್ಯುತ್ ಬೇಕು, ಅದಕ್ಕೆ ಕಾಡಿನೊಳಗಿನ ಅಣೆಕಟ್ಟು ಬೇಕು. ಮನುಷ್ಯರ ಕಡೆ ಮಾಲ್ಕಮ್, ವಾನರರ ಕಡೆ ಸೀಸರ್. ಇಬ್ಬರೂ ಮಕ್ಕಳೊಂದಿಗರು, ಇಬ್ಬರಿಗೂ ಯುದ್ಧ ಬೇಡ. ಆದರೆ ಸೀಸರನ ಬಲಗೈಯಂತಿರುವ ಕೋಬಾ ಲ್ಯಾಬಿನಲ್ಲಿ ವರ್ಷಗಟ್ಟಲೆ ಹಿಂಸೆ ತಿಂದವನು. ಮನುಷ್ಯರು ತಮ್ಮ ಕೆಲಸ ಮಾಡಿಕೊಂಡು ಹೋಗಲಿ ಎಂದು ಸೀಸರ್ ಹೇಳಿದಾಗ, ಕೋಬಾ ತನ್ನ ಮೈಮೇಲಿನ ಗಾಯದ ಗುರುತುಗಳನ್ನು ಒಂದೊಂದಾಗಿ ತೋರಿಸಿ, ಇದೂ ಮನುಷ್ಯರ ಕೆಲಸವೇ ಎನ್ನುತ್ತಾನೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಬಲವಾದ ವಾದ ಇನ್ನೊಂದಿಲ್ಲ. ಆಮೇಲೆ ಅವನು ಮಾಡುವುದು ಮಾತ್ರ ದ್ರೋಹ.

ಇದು ಕಟ್ಟುಕಥೆ. ಆದರೆ ಮನೆಯಲ್ಲಿ ಮಗನಂತೆ ಬೆಳೆದು, ಸನ್ನೆ ಭಾಷೆ ಕಲಿತು, ಆಮೇಲೆ ಲ್ಯಾಬಿನ ಪಂಜರ ಸೇರಿದ ಒಬ್ಬ ಚಿಂಪಾಂಜಿ ನಿಜವಾಗಿಯೂ ಇದ್ದ. ಅವನು ಕೊನೆಯುಸಿರು ಎಳೆದದ್ದು ನಿಮ್ಮ ಟೆಕ್ಸಸ್‌ನಲ್ಲಿ.

ಡಾಲಸ್‌ನಿಂದ ಆಗ್ನೇಯಕ್ಕೆ ಸುಮಾರು 75 ಮೈಲಿ ಹೋಗಿ. ಏಥೆನ್ಸ್ ಪಟ್ಟಣ ದಾಟಿದರೆ ಮರ್ಚಿಸನ್ ಎಂಬ ಸಣ್ಣ ಊರು. ಅಲ್ಲಿ ಬ್ಲ್ಯಾಕ್ ಬ್ಯೂಟಿ ರ‍್ಯಾಂಚ್ ಎಂಬ ಪ್ರಾಣಿಗಳ ಆಶ್ರಯಧಾಮ ಇದೆ. ಲೇಖಕ ಕ್ಲೀವ್‌ಲ್ಯಾಂಡ್ ಏಮೊರಿ 1979ರಲ್ಲಿ ಸ್ಥಾಪಿಸಿದ್ದು. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಗುಂಡಿಗೆ ಬಲಿಯಾಗಬೇಕಿದ್ದ ಕಾಡು ಕತ್ತೆಗಳಿಗೆ ಜಾಗ ಕೊಡಲು ಶುರುವಾದದ್ದು. ಅಲ್ಲಿ 2000ನೇ ಇಸವಿಯ ಮಾರ್ಚ್‌ನಲ್ಲಿ, 26ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡವನ ಹೆಸರು ನಿಮ್ ಚಿಂಪ್‌ಸ್ಕಿ.

ಹೆಸರು ಕೇಳಿ ನಗು ಬಂತೆ? ಅದು ತಮಾಷೆಗೇ ಇಟ್ಟ ಹೆಸರು. ಭಾಷೆ ಮನುಷ್ಯನಿಗೆ ಮಾತ್ರ ಒಲಿದದ್ದು, ಅದರ ವ್ಯಾಕರಣದ ಬೀಜ ನಮ್ಮ ಮಿದುಳಿನಲ್ಲೇ ಇದೆ ಎಂದು ವಾದಿಸಿದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ. ಅದನ್ನು ಪರೀಕ್ಷಿಸಲು ಹೊರಟವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೇಸ್. 1973ರಲ್ಲಿ ಓಕ್ಲಹೋಮಾದ ನಾರ್ಮನ್ ಎಂಬಲ್ಲಿ ಹುಟ್ಟಿದ ಮರಿಯನ್ನು ಕೆಲವೇ ದಿನಗಳಲ್ಲಿ ತಾಯಿಯಿಂದ ಬಿಡಿಸಿ ಮ್ಯಾನ್‌ಹಟನ್‌ನ ಒಂದು ಸಂಸಾರಕ್ಕೆ ಕೊಟ್ಟರು. ಆ ಮನೆಯ ಮಕ್ಕಳ ಜೊತೆ ಅವನೂ ಒಂದು ಮಗು. ಬಟ್ಟೆ ತೊಡುತ್ತಿದ್ದ, ಮಡಿಲಲ್ಲಿ ಮಲಗುತ್ತಿದ್ದ. ಚಿಂಪಾಂಜಿಯ ಗಂಟಲಿಗೆ ನಮ್ಮಂತೆ ಮಾತಾಡಲು ಬಾರದು. ಹಾಗಾಗಿ ಕಿವುಡರು ಬಳಸುವ ಅಮೆರಿಕನ್ ಸನ್ನೆ ಭಾಷೆಯನ್ನು ಕಲಿಸಿದರು. ನಾಲ್ಕು ವರ್ಷದಲ್ಲಿ ಸುಮಾರು 125 ಸನ್ನೆ ಕಲಿತ.

ಶಬ್ದ ಕಲಿತ ಸರಿ, ಭಾಷೆ ಕಲಿತನೇ? ಇಲ್ಲಿಯೇ ವಿಜ್ಞಾನದ ತಿರುವು. ನಿಮ್‌ನ ಅತ್ಯಂತ ಉದ್ದದ ‘ವಾಕ್ಯ’ದಲ್ಲಿ 16 ಸನ್ನೆಗಳಿದ್ದವು. ಕನ್ನಡದಲ್ಲಿ ಹೇಳಿದರೆ ಹೀಗೆ: ಕೊಡು ಕಿತ್ತಳೆ ನಾನು ಕೊಡು ತಿನ್ನು ಕಿತ್ತಳೆ ನಾನು ತಿನ್ನು ಕಿತ್ತಳೆ ಕೊಡು ನಾನು ತಿನ್ನು ಕಿತ್ತಳೆ ಕೊಡು ನಾನು ನೀನು. ಆಸೆ ಏನೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ವಾಕ್ಯ ಉದ್ದವಾದರೂ ಅರ್ಥ ಬೆಳೆಯಲಿಲ್ಲ.

ಕನ್ನಡ ಬಲ್ಲ ನಿಮಗೆ ಇದರ ಕೊರತೆ ಬೇಗ ಹೊಳೆಯುತ್ತದೆ. ‘ನನಗೆ ಕಿತ್ತಳೆ ಕೊಡು’ ಎನ್ನಿ. ‘ಕೊಡು ನನಗೆ ಕಿತ್ತಳೆ’ ಎನ್ನಿ. ‘ಕಿತ್ತಳೆ ಕೊಡು ನನಗೆ’ ಎನ್ನಿ. ಪದಗಳನ್ನು ಹೇಗೆ ತಿರುವಿದರೂ ಅರ್ಥ ಕೆಡುವುದಿಲ್ಲ. ಕಾರಣ ‘ನನಗೆ’ಯ ಕೊನೆಯಲ್ಲಿರುವ ಆ ಪುಟ್ಟ ‘ಗೆ’. ‘ಹುಲಿ ಹಸುವನ್ನು ನೋಡಿತು’, ‘ಹಸುವನ್ನು ಹುಲಿ ನೋಡಿತು’, ಎರಡೂ ಒಂದೇ. ಆದರೆ ‘ಅನ್ನು’ವನ್ನು ಹಸುವಿನಿಂದ ಕಿತ್ತು ಹುಲಿಗೆ ಹಚ್ಚಿದರೆ ಇಡೀ ಕಥೆ ತಲೆಕೆಳಗಾಗುತ್ತದೆ. ಇಂಗ್ಲಿಷ್ ಇದೇ ಕೆಲಸವನ್ನು ಪದಗಳ ಸಾಲಿನಿಂದ ಮಾಡುತ್ತದೆ. ಯಾವ ದಾರಿಯಾದರೂ ಸರಿ, ಯಾರು ಯಾರಿಗೆ ಏನು ಮಾಡಿದರು ಎಂದು ಕಟ್ಟಿ ಹೇಳುವುದೇ ವ್ಯಾಕರಣ. ಸನ್ನೆ ಭಾಷೆಯಲ್ಲೂ ಅದು ಪೂರ್ತಿ ಇದೆ. ನಿಮ್ ಹಿಡಿದದ್ದು ಸನ್ನೆಗಳನ್ನು, ಈ ಕಟ್ಟುವಿಕೆಯನ್ನಲ್ಲ.

ಟೆರೇಸ್ ಅವರು ವಿಡಿಯೋಗಳನ್ನು ನಿಧಾನವಾಗಿ ಓಡಿಸಿ ನೋಡಿದರು. ಬಹಳ ಸಲ ಶಿಕ್ಷಕರು ಮೊದಲು ಕೈ ಆಡಿಸುತ್ತಿದ್ದರು, ನಿಮ್ ಅದನ್ನೇ ಅನುಕರಿಸಿ ಬೇಕಾದ್ದನ್ನು ಪಡೆಯುತ್ತಿದ್ದ. 1979ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ತಮ್ಮ ಮೊದಲ ಆಸೆಗೇ ವಿರುದ್ಧವಾದ ತೀರ್ಮಾನ ಪ್ರಕಟಿಸಿದರು: ನಿಮ್ ವಾಕ್ಯ ಕಟ್ಟಲಿಲ್ಲ. ಅವರ ವಿಧಾನದ ಬಗ್ಗೆ ವಾದ ಇಂದಿಗೂ ಇದೆ. ಹತ್ತಾರು ಶಿಕ್ಷಕರು ಬಂದು ಹೋಗುತ್ತಿದ್ದರೆ ಯಾವ ಮಗು ತಾನೆ ಭಾಷೆ ಕಲಿತೀತು ಎಂದು ಕೇಳಿದವರೂ ಇದ್ದಾರೆ. ಅದೇನೇ ಇರಲಿ, ಬೆಳೆದಂತೆ ನಿಮ್‌ನ ಶಕ್ತಿಯೂ ಸಿಟ್ಟೂ ಬೆಳೆದವು, ಶಿಕ್ಷಕರನ್ನು ಕಚ್ಚಿದ. 1977ರಲ್ಲೇ ಯೋಜನೆ ಮುಗಿದಿತ್ತು. ಅವನನ್ನು ವಿಮಾನದಲ್ಲಿ ಓಕ್ಲಹೋಮಾಗೆ ವಾಪಸ್ ಕಳಿಸಿದರು. ಬುದ್ಧಿ ಬಂದ ಮೇಲೆ ಅವನು ಇನ್ನೊಂದು ಚಿಂಪಾಂಜಿಯನ್ನು ನೋಡಿದ್ದೇ ಅಲ್ಲಿ.

1982ರಲ್ಲಿ ಆ ಸಂಸ್ಥೆ ತನ್ನ ಚಿಂಪಾಂಜಿಗಳನ್ನು ನ್ಯೂಯಾರ್ಕ್ ರಾಜ್ಯದ ಒಂದು ವೈದ್ಯಕೀಯ ಪ್ರಯೋಗಶಾಲೆಗೆ ಮಾರಿತು. ಅಲ್ಲಿ ಹೆಪಟೈಟಿಸ್ ಲಸಿಕೆಯ ಪ್ರಯೋಗಗಳು ನಡೆಯುತ್ತಿದ್ದವು. ಒಂದು ಕ್ಷಣ ಯೋಚಿಸಿ. ಓಕ್ಲಹೋಮಾದಿಂದ ಹೋದ ಹಲವು ಚಿಂಪಾಂಜಿಗಳಿಗೆ ಕೈಸನ್ನೆ ಬರುತ್ತಿತ್ತು. ಪಂಜರದ ಸರಳಿನ ಆಚೆ ನಿಂತವರಿಗೆ ಬರುತ್ತಿರಲಿಲ್ಲ. ಮಾತು ಎಂದರೆ ಆಡುವವನ ಬಾಯಲ್ಲಿ ಮಾತ್ರ ಇರುವುದಲ್ಲ, ಕೇಳಿ ಉತ್ತರ ಕೊಡುವವನಲ್ಲೂ ಅರ್ಧ ಇರುತ್ತದೆ. ಆ ಅರ್ಧ ಇಲ್ಲದ ಕಡೆ ಅವರ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು.

ಪತ್ರಿಕೆಗಳಲ್ಲಿ ಗದ್ದಲವಾಯಿತು. ಓಕ್ಲಹೋಮಾದಲ್ಲಿ ನಿಮ್‌ಗೆ ಗೆಳೆಯನಾಗಿದ್ದ ಬಾಬ್ ಇಂಗರ್‌ಸಾಲ್ ಅವನ ಬಿಡುಗಡೆಗಾಗಿ ಓಡಾಡಿದರು. ಮನುಷ್ಯರ ಮಗುವಿನಂತೆ ಬೆಳೆಸಿದವನನ್ನು ಹೀಗೆ ಮಾರಲು ಬಾರದು ಎಂದು ಒಬ್ಬ ವಕೀಲರು ಕೋರ್ಟಿಗೆ ಹೋಗಲು ಸಿದ್ಧರಾದರು. ಕೊನೆಗೆ ಏಮೊರಿ ಅವರ ಸಂಸ್ಥೆ ನಿಮ್‌ನನ್ನು ಪಡೆದು ಟೆಕ್ಸಸ್‌ಗೆ ತಂದಿತು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎನ್ನುವಂತಿಲ್ಲ. ಆ ಧಾಮದಲ್ಲಿ ಕುದುರೆ, ಕತ್ತೆಗಳು ಬಹಳ ಇದ್ದವು, ಇನ್ನೊಂದು ಚಿಂಪಾಂಜಿ ಇರಲಿಲ್ಲ. ಒಂಟಿತನದಲ್ಲಿ ಅವನು ಪಂಜರದಿಂದ ತಪ್ಪಿಸಿಕೊಂಡು ಮನುಷ್ಯರ ಮನೆಯೊಳಗೆ ನುಗ್ಗುತ್ತಿದ್ದ. ಅವನಿಗೆ ಗೊತ್ತಿದ್ದ ಮನೆ ಅದೊಂದೇ ತಾನೆ? ಮೊದಲು ಸಾಕಿದ ತಾಯಿ ವರ್ಷಗಳ ಮೇಲೆ ನೋಡಲು ಬಂದು ಪಂಜರದೊಳಗೆ ಕಾಲಿಟ್ಟಾಗ ಅವರನ್ನು ಹಿಡಿದು ಎಳೆದಾಡಿದ. ಕೋಬಾನ ಸಿಟ್ಟು ಸಿನಿಮಾದವರ ಕಲ್ಪನೆ ಮಾತ್ರ ಅಲ್ಲ ಎಂದು ಇಲ್ಲಿ ಗೊತ್ತಾಗುತ್ತದೆ. ಆಮೇಲೆ ಸರ್ಕಸ್‌ನಲ್ಲಿದ್ದ ಸ್ಯಾಲಿ ಎಂಬ ಹೆಣ್ಣು ಚಿಂಪಾಂಜಿ ಜೊತೆಗೆ ಬಂದಳು. ಅವಳ ಜೊತೆಯಲ್ಲಿ ಕೆಲವು ವರ್ಷ ನೆಮ್ಮದಿಯಾಗಿದ್ದ. ಇಂಗರ್‌ಸಾಲ್ ಮತ್ತೆ ಬಂದಾಗ ಹಳೆಯ ಗೆಳೆಯನನ್ನು ಗುರುತಿಸಿದ.

2011ರಲ್ಲಿ ಜೇಮ್ಸ್ ಮಾರ್ಷ್ ಅವರ ‘ಪ್ರಾಜೆಕ್ಟ್ ನಿಮ್’ ಸಾಕ್ಷ್ಯಚಿತ್ರ ತೆರೆಕಂಡಿತು. ಅದೇ ಬೇಸಿಗೆಯಲ್ಲಿ ‘ರೈಸ್’ ಚಿತ್ರವೂ ಬಂತು. ಎರಡನ್ನೂ ಒಂದರ ಹಿಂದೆ ಒಂದು ನೋಡಿ.

ಇನ್ನು ಹ್ಯೂಸ್ಟನ್. ನಿಮ್ಮಲ್ಲಿ ಹೆಚ್ಚಿನವರು ಶಾಲೆಯಿಂದ ಸ್ಪೇಸ್ ಸೆಂಟರ್‌ಗೆ ಹೋಗಿ ಬಂದವರು. ಅಮೆರಿಕದ ಗಗನಯಾನ ಚರಿತ್ರೆಯಲ್ಲಿ ಮೊದಲ ಅಮೆರಿಕನ್ನನಾಗಿ ಆಕಾಶಕ್ಕೆ ಹೋದವರು 1961ರ ಮೇ 5ರಂದು ಅಲನ್ ಶೆಪರ್ಡ್ ಎಂದು ಕಲಿತಿರುತ್ತೀರಿ. ಅದಕ್ಕೆ ಮೂರು ತಿಂಗಳು ಮೊದಲು, ಜನವರಿ 31ರಂದು, ಅದೇ ಬಗೆಯ ಮರ್ಕ್ಯುರಿ ರಾಕೆಟ್‌ನಲ್ಲಿ ಕ್ಯಾಮೆರೂನ್ ದೇಶದ ಕಾಡಿನಲ್ಲಿ ಸೆರೆಸಿಕ್ಕ ಒಂದು ಚಿಂಪಾಂಜಿ ಸುಮಾರು 16 ನಿಮಿಷ ಹಾರಿ ಅಟ್ಲಾಂಟಿಕ್ ಸಮುದ್ರದಲ್ಲಿ ಇಳಿಯಿತು. ದೀಪ ಹೊತ್ತಿದ ಕೂಡಲೇ ಸನ್ನೆಕೋಲು ಒತ್ತಬೇಕು. ಒತ್ತದಿದ್ದರೆ ಅಂಗಾಲಿಗೆ ಕರೆಂಟಿನ ಶಾಕ್. ಹಾರುವ ವೇಗದಲ್ಲೂ, ತೂಕವಿಲ್ಲದ ಸ್ಥಿತಿಯಲ್ಲೂ ಅದು ಸರಿಯಾಗಿ ಒತ್ತಿತು. ಗಗನದಲ್ಲಿ ಕೈ, ಮಿದುಳು ಕೆಲಸ ಮಾಡುತ್ತವೆ ಎಂದು ಗೊತ್ತಾದದ್ದು ಹಾಗೆ.

ಹಾರುವ ತನಕ ಅದಕ್ಕೆ ಅಧಿಕೃತವಾಗಿ ಇದ್ದದ್ದು ಒಂದು ನಂಬರು: 65. ‘ಹ್ಯಾಮ್’ ಎಂಬ ಹೆಸರು ಸುರಕ್ಷಿತವಾಗಿ ಹಿಂದಿರುಗಿದ ಮೇಲೆ ಬಂದದ್ದು. ಹೆಸರಿಟ್ಟ ಪ್ರಾಣಿ ಸತ್ತರೆ ಜನ ಮರುಗುತ್ತಾರೆ, ನಂಬರು ಸತ್ತರೆ ಸುದ್ದಿ ಚಿಕ್ಕದಾಗುತ್ತದೆ. ‘ಅದು’ವನ್ನು ‘ಅವನು’ ಮಾಡಲು ಮಾತೇ ಬೇಕಿಲ್ಲ, ಒಂದು ಹೆಸರು ಸಾಕು. ಅದನ್ನು ಕೊಡುವುದೂ ಕೊಡದಿರುವುದೂ ನಮ್ಮ ಕೈಯಲ್ಲೇ ಇತ್ತು.

1968ರಲ್ಲಿ ಬಂದ ಈ ಸರಣಿಯ ಮೊಟ್ಟಮೊದಲ ಚಿತ್ರ ಇದನ್ನೇ ತಿರುವಿ ಹಾಕಿತು. ಫ್ರೆಂಚ್ ಲೇಖಕ ಪಿಯರ್ ಬುಲ್ ಅವರ 1963ರ ಕಾದಂಬರಿಯಿಂದ ಮಾಡಿದ ಚಿತ್ರ ಅದು. ಅಲ್ಲಿ ಗಗನಯಾತ್ರಿಯೇ ವಾನರರ ಪಂಜರದಲ್ಲಿ. ಗಂಟಲಿಗೆ ಗಾಯವಾಗಿ ಅವನಿಗೆ ಮಾತು ಹೊರಡುವುದಿಲ್ಲ. ಮಾತು ಹೊರಡದ ತನಕ ಅವನು ವಾನರರಿಗೆ ಬರೀ ‘ಅದು’. 2017ರ ‘ವಾರ್’ ಚಿತ್ರದಲ್ಲಿ ವೈರಸ್ಸಿನಿಂದ ಮನುಷ್ಯರೇ ಮಾತು ಕಳೆದುಕೊಳ್ಳುತ್ತಾರೆ. ಮಾತನ್ನೇ ಅಳತೆಗೋಲು ಮಾಡಿಕೊಂಡವರು ಒಂದು ದಿನ ಅದೇ ಕೋಲಿನಿಂದ ಅಳೆಸಿಕೊಳ್ಳಬೇಕಾಗುತ್ತದೆ ಎಂಬುದು ಈ ಸರಣಿಯ ತಿರುಳು.

ಮೂರನೆಯದು ಆಸ್ಟಿನ್. ಅಲ್ಲಿಂದ ಸುಮಾರು 30 ಮೈಲಿ ದೂರದ ಬ್ಯಾಸ್ಟ್ರಪ್‌ನಲ್ಲಿ ಕೀಲಿಂಗ್ ಸೆಂಟರ್ ಇದೆ. ಹ್ಯೂಸ್ಟನ್ನಿನ ಹೆಸರಾಂತ ಎಂ.ಡಿ. ಆ್ಯಂಡರ್‌ಸನ್ ಕ್ಯಾನ್ಸರ್ ಆಸ್ಪತ್ರೆಗೆ ಸೇರಿದ ಪ್ರಾಣಿ ಸಂಶೋಧನಾ ಕೇಂದ್ರ. ದೇಶದಲ್ಲಿ ಸಂಶೋಧನೆಗಾಗಿ ಚಿಂಪಾಂಜಿಗಳನ್ನು ಸಾಕಿದ ಕೆಲವೇ ಜಾಗಗಳಲ್ಲಿ ಅದೂ ಒಂದು.

ಈಗ ಇಸವಿಗಳನ್ನು ನೋಡಿ. 2011ರ ಡಿಸೆಂಬರಿನಲ್ಲಿ ತಜ್ಞರ ಸಮಿತಿಯೊಂದು, ಚಿಂಪಾಂಜಿಗಳ ಮೇಲಿನ ಬಹುಪಾಲು ವೈದ್ಯಕೀಯ ಪ್ರಯೋಗ ಇನ್ನು ಅಗತ್ಯವಿಲ್ಲ ಎಂದು ವರದಿ ಕೊಟ್ಟಿತು. 2013ರಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆ ಎನ್.ಐ.ಎಚ್. ತನ್ನ ಹೆಚ್ಚಿನ ಚಿಂಪಾಂಜಿಗಳಿಗೆ ನಿವೃತ್ತಿ ಕೊಟ್ಟು 50ನ್ನು ಮಾತ್ರ ಉಳಿಸಿಕೊಳ್ಳಲು ನಿರ್ಧರಿಸಿತು. 2015ರಲ್ಲಿ ಪಂಜರದಲ್ಲಿರುವ ಚಿಂಪಾಂಜಿಗಳನ್ನೂ ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಅದೇ ವರ್ಷ ನವೆಂಬರಿನಲ್ಲಿ ಆ 50ಕ್ಕೂ ನಿವೃತ್ತಿ ಘೋಷಣೆಯಾಯಿತು. ನಿವೃತ್ತಿ ಎಂದರೆ ಲೂಸಿಯಾನಾದ ಕೀತ್‌ವಿಲ್‌ನಲ್ಲಿರುವ ಚಿಂಪ್ ಹೇವನ್ ಎಂಬ ಆಶ್ರಯಧಾಮ, ಅಂದರೆ ಮರ, ಹುಲ್ಲು, ಜೊತೆಗಾರರು. ಬ್ಯಾಸ್ಟ್ರಪ್‌ನಿಂದಲೂ ಚಿಂಪಾಂಜಿಗಳು ಅಲ್ಲಿಗೆ ಹೋದವು. ‘ರೈಸ್’ನಿಂದ ‘ವಾರ್’ವರೆಗಿನ ವರ್ಷಗಳಲ್ಲೇ ಇಷ್ಟೆಲ್ಲ ನಡೆದದ್ದು. ಸಿನಿಮಾದಿಂದ ಕಾನೂನು ಬದಲಾಯಿತು ಎಂದು ನಾನು ಹೇಳುತ್ತಿಲ್ಲ. ಥಿಯೇಟರಿನಲ್ಲೂ ಸರ್ಕಾರದ ಕಚೇರಿಯಲ್ಲೂ ಒಂದೇ ಪ್ರಶ್ನೆ ಒಂದೇ ಹೊತ್ತಿಗೆ ಎದ್ದಿತ್ತು.

ಇನ್ನೊಂದು ವಿಷಯ. ‘ರೈಸ್’ನಿಂದ ಮುಂದಿನ ಈ ಚಿತ್ರಗಳಲ್ಲಿ ವಾನರ ಪಾತ್ರಗಳಿಗೆ ಜೀವಂತ ಪ್ರಾಣಿಗಳನ್ನು ಬಳಸಿಲ್ಲ. ಆ್ಯಂಡಿ ಸರ್ಕಿಸ್ ಮುಂತಾದ ನಟರು ಮುಖಕ್ಕೆ ಚುಕ್ಕೆ ಇಟ್ಟುಕೊಂಡು, ಮೈಗೆ ಸೆನ್ಸರ್ ಕಟ್ಟಿಕೊಂಡು ಅಭಿನಯಿಸಿದರು. ನ್ಯೂಜಿಲೆಂಡಿನ ವೆಟಾ ಡಿಜಿಟಲ್‌ನವರು ಅದರ ಮೇಲೆ ಕೂದಲು, ಚರ್ಮ ಹೊದಿಸಿದರು. ಯಕ್ಷಗಾನದಲ್ಲಿ ಹನುಮಂತನ ವೇಷ ನೋಡಿದವರಿಗೆ ಇದು ಹೊಸದಲ್ಲ. ಬಣ್ಣದ ಒಳಗೆ ಇರುವುದು ಮನುಷ್ಯನ ಕಣ್ಣು.

ಹನುಮಂತನ ಹೆಸರು ಬಂತಲ್ಲ, ಈಗ ಊರಿನ ಕಡೆ ಹೋಗೋಣ. ‘ಏಪ್’ ಎನ್ನುವುದಕ್ಕೆ ನಾನು ಆಗಿನಿಂದ ‘ವಾನರ’ ಎನ್ನುತ್ತಿದ್ದೇನೆ. ಮಂಗ, ಕೋತಿ, ಮುಸಿಯ, ಇವಕ್ಕೆಲ್ಲ ಬಾಲ ಇದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ ಇಲ್ಲ. ಹನುಮಂತನ ಬಾಲವೋ ಲಂಕೆಯನ್ನೇ ಸುಟ್ಟಿತು. ಆದರೂ ಸದ್ಯಕ್ಕೆ ಆ ಶಬ್ದವೇ ಇರಲಿ. ಆ ಶಬ್ದದೊಳಗೆ ಒಂದು ಸ್ವಾರಸ್ಯ ಇದೆ. ತೋಟಕ್ಕೆ ನುಗ್ಗಿದರೆ ‘ಮಂಗಗಳು ಬಂದವು’. ರಾಮಾಯಣದಲ್ಲಿ ಸೇತುವೆ ಕಟ್ಟಲು ಬಂದರೆ ‘ವಾನರರು ಬಂದರು’. ಹನುಮಂತ ಹಾರಿದ, ‘ಹಾರಿತು’ ಅಲ್ಲ. ಹಂಪಿಯ ಎದುರು ದಡದ ಆನೆಗೊಂದಿಯೇ ಕಿಷ್ಕಿಂಧೆ ಎಂದು ಜನ ನಂಬುತ್ತಾರೆ. ಅಂಜನಾದ್ರಿ ಬೆಟ್ಟದ ಮೆಟ್ಟಿಲು ಹತ್ತುವಾಗ ಕೈಯಲ್ಲಿನ ಬಾಳೆಹಣ್ಣು ಕಿತ್ತುಕೊಂಡು ಹೋಗುವುದು ‘ಅದು’, ಮೇಲೆ ಗುಡಿಯಲ್ಲಿ ಕೈಮುಗಿಸಿಕೊಳ್ಳುವವನು ‘ಅವನು’.

ನಮ್ಮ ಕವಿಗಳೂ ಈ ಗಡಿಯ ಬಗ್ಗೆ ತಲೆ ಕೆಡಿಸಿಕೊಂಡವರೇ. ಸುಮಾರು ಒಂಬೈನೂರು ವರ್ಷದ ಹಿಂದೆ ನಾಗಚಂದ್ರ ಎಂಬ ಜೈನ ಕವಿ ಕನ್ನಡದಲ್ಲಿ ‘ರಾಮಚಂದ್ರಚರಿತಪುರಾಣ’ ಬರೆದ. ‘ಪಂಪರಾಮಾಯಣ’ ಎಂದೂ ಅದನ್ನು ಕರೆಯುತ್ತಾರೆ. ಜೈನ ಸಂಪ್ರದಾಯದ ರಾಮಾಯಣಗಳಲ್ಲಿ ವಾನರರು ಮಂಗಗಳೇ ಅಲ್ಲ. ಅವರು ವಿದ್ಯಾಧರರು, ಅವರ ಬಾವುಟದಲ್ಲಿ ಕಪಿಯ ಚಿತ್ರ ಇತ್ತು, ಅದಕ್ಕೇ ಆ ಹೆಸರು. ಇನ್ನೊಬ್ಬರನ್ನು ‘ಮಂಗ’ ಎನ್ನುವ ಮೊದಲು ಅದು ಅವರ ಮುಖವೋ, ಅವರ ಬಾವುಟವೋ ಎಂದು ನೋಡು ಎಂದಂತೆ ಇದೆ. ಬಣ್ಣ, ಹೆಸರು, ಉಚ್ಚಾರಣೆಗಾಗಿ ಶಾಲೆಯಲ್ಲಿ ಒಮ್ಮೆಯಾದರೂ ಹಾಸ್ಯಕ್ಕೆ ಗುರಿಯಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಮಾತು ಬಂದಾಗ ಮಲೆನಾಡಿನ ಒಂದು ನಿಜ ಸಂಗತಿ ಹೇಳಲೇಬೇಕು. ‘ಡಾನ್’ ಚಿತ್ರದಲ್ಲಿ ಆ ಸಾಂಕ್ರಾಮಿಕಕ್ಕೆ ಜನ ‘ಸಿಮಿಯನ್ ಫ್ಲೂ’, ಅಂದರೆ ವಾನರ ಜ್ವರ ಎಂದು ಹೆಸರಿಡುತ್ತಾರೆ. ವೈರಸ್ ಮಾಡಿದವರು ಮನುಷ್ಯರು, ಹೆಸರು ಮಾತ್ರ ವಾನರರದ್ದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬಿದ್ದವು. ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ಅದೇ ‘ಮಂಗನ ಕಾಯಿಲೆ’. ನಿಜದಲ್ಲಿ ಅದನ್ನು ಹರಡುವುದು ಉಣುಗು ಎಂಬ ರಕ್ತ ಹೀರುವ ಪುಟ್ಟ ಹುಳ. ಅದು ಕಚ್ಚಿದರೆ ಮಂಗಕ್ಕೂ ಕಾಯಿಲೆ, ಮನುಷ್ಯನಿಗೂ ಕಾಯಿಲೆ. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ಸುತ್ತ ಹರಡುವುದರಿಂದ ಆ ಜಾಗ ಅಪಾಯವೇನೋ ಹೌದು. ಆದರೆ ಮಂಗ ಅಪರಾಧಿಯಲ್ಲ, ಮೊದಲು ಸಾಯುವ ರೋಗಿ. ಕಾಡಿನಲ್ಲಿ ಮಂಗ ಸತ್ತರೆ ಮಲೆನಾಡಿನಲ್ಲಿ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ. ಒಂದು ರೀತಿಯಲ್ಲಿ ಅದು ಸತ್ತು ನಮಗೆ ಎಚ್ಚರಿಕೆ ಕೊಡುತ್ತದೆ. ಕಾಯಿಲೆಗೆ ಅದರ ಹೆಸರನ್ನೇ ಇಟ್ಟು ನಾವು ಋಣ ತೀರಿಸಿದ್ದೇವೆ.

ಹಾಗಾದರೆ ‘ಅದು’ ಯಾವಾಗ ‘ಅವನು’ ಆಗುತ್ತದೆ? ಮಾತು ಬಂದಾಗ ಎಂದರೆ ನಿಮ್ ಸೋತ. ಹೆಸರು ಬಂದಾಗ ಎಂದರೆ ಅದು ನಮ್ಮ ಮರ್ಜಿ. ಪೂಜೆಗೆ ಬಂದಾಗ ಎಂದರೆ ಬಾಳೆಹಣ್ಣು ಕಸಿಯುವ ಕೋತಿಯ ಗತಿ ಏನು?

ಇಲ್ಲಿ ಕನ್ನಡ ನಿಮಗೆ ಇನ್ನೊಂದು ದಾರಿ ತೋರಿಸುತ್ತದೆ. ಕನ್ನಡದಲ್ಲಿ ‘ಅದು’ ಎನಿಸಿಕೊಳ್ಳುವವರಲ್ಲಿ ಪ್ರಾಣಿ, ವಸ್ತು ಬಿಟ್ಟು ಇನ್ನೂ ಒಬ್ಬರು ಇದ್ದಾರೆ. ಮಗು! ಮಗು ಅತ್ತಿತು, ಮಗು ನಕ್ಕಿತು, ಮಗು ಮಲಗಿತು. ಮಾತು ಬಾರದ ಕೂಸನ್ನು ಎತ್ತಿಕೊಂಡು ಅಜ್ಜಿ ‘ಅದಕ್ಕೆ ಹಸಿವಾಗಿದೆ, ಪಾಪ’ ಎನ್ನುತ್ತಾರೆ. ಆ ‘ಅದು’ವಿನಲ್ಲಿ ತಾತ್ಸಾರ ಇದೆಯೇ? ಇಡೀ ಮನೆಯ ಪ್ರೀತಿ ಅದರಲ್ಲಿದೆ. ಮಗು ಬಾಯಿಬಿಟ್ಟು ಕೇಳಲಿ, ಆಮೇಲೆ ಹಾಲು ಕೊಡೋಣ ಎಂದು ಯಾರೂ ಕಾಯುವುದಿಲ್ಲ. ‘ಅದು’ ಆಗಿರುವಾಗಲೇ ಅದಕ್ಕೆ ಎಲ್ಲವೂ ಸಲ್ಲುತ್ತದೆ.

ನಿಮ್ ಸನ್ನೆ ಭಾಷೆಯಲ್ಲಿ ಪಾಸಾಗಿದ್ದರೂ ಫೇಲಾಗಿದ್ದರೂ ಅವನಿಗೆ ತಾಯಿ ಬೇಕಿತ್ತು, ಜೊತೆಗಾರರು ಬೇಕಿತ್ತು, ನೋವು ಆಗುತ್ತಿತ್ತು. ಇವಕ್ಕೆ ವ್ಯಾಕರಣ ಬೇಕಿಲ್ಲ. ಕನ್ನಡದಲ್ಲಿ ‘ಮಾತು’ ಎಂಬುದಕ್ಕೆ ಎರಡು ಅರ್ಥ: ಆಡುವ ಮಾತು, ಕೊಡುವ ಮಾತು. ಗೋವಿನ ಹಾಡಿನ ಪುಣ್ಯಕೋಟಿಯನ್ನು ನಾವು ನೆನೆಯುವುದು ಅದು ಮಾತಾಡಿತು ಎಂದಲ್ಲ, ಕೊಟ್ಟ ಮಾತು ಉಳಿಸಿಕೊಂಡಿತು ಎಂದು. ‘ಡಾನ್’ ಚಿತ್ರದಲ್ಲಿ ಸೀಸರ್ ಮತ್ತು ಮಾಲ್ಕಮ್ ದೊಡ್ಡವರಾಗುವುದೂ ಅದಕ್ಕೇ. ನಿಮ್‌ನ ವಿಷಯದಲ್ಲಿ ನಾವು ಮಾಡಿದ್ದು ಇದರ ತದ್ವಿರುದ್ಧ: ಮಾತು ಕಲಿಸಿದೆವು, ಮಾತು ಉಳಿಸಿಕೊಳ್ಳಲಿಲ್ಲ. ಅವನನ್ನು ನಾನು ಉದ್ದಕ್ಕೂ ‘ಅವನು’ ಎಂದದ್ದು ಅವನಿಗೆ 125 ಸನ್ನೆ ಬರುತ್ತಿತ್ತು ಎಂದಲ್ಲ. ಮಗ ಎಂದು ಕರೆದು ಮನೆಗೆ ತಂದವರು ನಾವು, ಆ ಋಣ ನಮ್ಮ ಮೇಲಿದೆ ಎಂದು.

ಈ ವಾರ ಬಿಡುವಾದರೆ ‘ಡಾನ್’ ಚಿತ್ರವನ್ನು ಮನೆಯವರ ಜೊತೆ ಕೂತು ನೋಡಿ. ಹತ್ತು ನಿಮಿಷದ ಒಂದು ಭಾಗ ಆರಿಸಿಕೊಂಡು ಕನ್ನಡದಲ್ಲಿ ಕಥೆ ಹೇಳಿ. ಪ್ರತಿ ವಾಕ್ಯದ ಕೊನೆಗೂ ‘ಬಂತು’ ಹಾಕಬೇಕೋ ‘ಬಂದ’ ಹಾಕಬೇಕೋ ಎಂದು ಅಪ್ಪ ಅಮ್ಮನ ಜೊತೆ ವಾದ ಮಾಡಿ. ಸೀಸರನ ಹೆಂಡತಿಗೆ ಏನು, ಹೊಸದಾಗಿ ಹುಟ್ಟಿದ ಮರಿಗೆ ಏನು, ಕೋಬಾನಿಗೆ ಏನು, ಅವನ ಮೇಲೆ ಗುರಿಯಿಟ್ಟ ಮನುಷ್ಯನಿಗೆ ಏನು? ತಪ್ಪು ಕನ್ನಡವಾದರೂ ಚಿಂತೆಯಿಲ್ಲ. ಉತ್ತರ ಕೊಡುವವರು ಎದುರಿಗೆ ಇದ್ದಾರೆ, ಅದು ಸಾಕು.

ಡಾಲಸ್‌ನವರು ಎಂದಾದರೂ ಏಥೆನ್ಸ್ ದಾರಿಯಲ್ಲಿ ಹೋದರೆ, ಮರ್ಚಿಸನ್ ಬಂದಾಗ ನಿಮ್‌ನನ್ನು ಒಮ್ಮೆ ನೆನೆಯಿರಿ. ಮತ್ತೆ ಸಿಗೋಣ. ನಮಸ್ಕಾರ.